ಅರಗದ ಎಣ್ಣೆ

ರಾಜಾಜಿನಗರ, ಬೆಂಗಳೂರು
೧೬-೬-೧೯೭೪

ಅವ್ವನಿಗೆ ನೀಲಳ ನಮಸ್ಕಾರ.

ಬಸ್ಸಿನಲ್ಲಿ ಇಬ್ಬರು ಕೂರುವ ಸೀಟಿನಲ್ಲಿ ನಾನೊಬ್ಬಳೇ ಕೂತು ಸುಖವಾಗಿ ಬಂದು ಸೇರಿದೆ. ಪಕ್ಕದಲ್ಲಿ ಕೂರಲು ಬಂದವರೆಲ್ಲ ಒಮ್ಮೆ ನನ್ನನ್ನು ನೋಡಿ ಹಿಂದಿನ ಸೀಟಿಗೆ ಹೋದರು. ನಿನ್ನನ್ನು ನಗಿಸಲು ಬರೆಯುತ್ತಿದ್ದೇನೆ, ಅಳುತ್ತಾ ಕೂರಬೇಡ.

ದೊಡ್ಡಮ್ಮ ಕಾಲಿಗೆ ನೀರು ಕೊಡುವ ಮೊದಲೇ ಆ ರವಿಕೆ ತಂದು ಕೈಗಿತ್ತರು. ಇಲ್ಲಿನ ವಿಜಯನಗರದ ಏಕಾಂತಯ್ಯನವರು ಮಗನಿಗೆಂದು ಹೆಣ್ಣು ನೋಡಲು ದಾವಣಗೆರೆಗೆ ಬಂದಿದ್ದಾಗ ಅವರ ಹೆಂಡತಿ ನಿನ್ನೆದುರೇ ಅಂದರಲ್ಲ, "ಹುಡ್ಗಿ ಮುಖ ಲಕ್ಷಣವಾಗಿದೆ. ನಮ್ಮ ದೊಡ್ಡ ಸೊಸೆ ಅಳತೇಲಿ ಒಂದು ರವಿಕೆ ಹೊಲಿಸಿಕೊಡ್ತೀನಿ. ಅದು ಇವಳಿಗೆ ಸರಿಹೋದ ದಿನ ಹೇಳಿಕಳ್ಸಿ, ಮುಂದಿನ ಮಾತು ಆಡೋಣ" ಅಂತ. ಅದೇ ರವಿಕೆ. ರೇಷ್ಮೆ, ಗಿಳಿಹಸಿರು, ಜರಿಯ ಅಂಚು. ನನ್ನ ತೋಳು ಮೊಣಕೈವರೆಗೆ ಹೋಗಿ ನಿಂತಿತು. ದೊಡ್ಡಮ್ಮ ಸ್ವಲ್ಪ ಎಳೆದು ನೋಡಿ ಕೈಬಿಟ್ಟರು. "ಕುಂಬಳಕಾಯಿಗೆ ಕಾಲ್ಚೀಲ ಹಾಕ್ದಂಗಾಯ್ತು ಕಣೇ" ಅಂದರು. ನಾನೂ ನಕ್ಕೆ. ನಗದೆ ಏನು ಮಾಡಲಿ, ಚೆನ್ನಾಗಿಯೇ ಹೇಳಿದರು.

ನನ್ನನ್ನು ಇಳಿಸುವ ಉಪಾಯ ದೊಡ್ಡಪ್ಪನದು. ಅವರು ಇಲ್ಲೇ ಔಷಧಿ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್ ಅಲ್ಲವೇ. ಅಲ್ಲಿ ಮಲಬದ್ಧತೆಯ ಔಷಧಿಗೆ ಹಾಕುವ ಒಂದು ಎಣ್ಣೆ ಪೀಪಾಯಿಗಟ್ಟಲೆ ಬರುತ್ತದಂತೆ. ಲಿಕ್ವಿಡ್ ಪ್ಯಾರಫಿನ್. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಡಬ್ಬವೊಂದನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ನನ್ನನ್ನು ಕರೆದು ಪಾಠ ಮಾಡಿದರು: "ನೋಡು ಮಗಾ, ಇದು ಹೊಟ್ಟೇಲಿ ಅರಗಲ್ಲ. ಒಳಗೆ ಹೋದಂಗೇ ಹೊರಗೆ ಬರುತ್ತೆ. ನಾಲಿಗೆಗೆ ಬೋಂಡ ಸಿಕ್ತು, ಮೈಗೆ ಸಿಗ್ಲಿಲ್ಲ. ಫಾರಿನ್ ಹೆಂಗಸರು ಇದನ್ನೇ ತಿಂದು ಕಡ್ಡಿ ಥರ ಇರ್ತಾರೆ."

ಈಗ ಈ ಮನೆಯಲ್ಲಿ ಎರಡು ಒಗ್ಗರಣೆ. ಅವರಿಗೆ ಶೇಂಗಾ ಎಣ್ಣೆಯದು, ನನಗೆ ಪ್ಯಾರಫಿನ್ನಿನದು. ಅಪ್ಪಾಜಿಗೆ ಹೇಳಬೇಡ. ಎಣ್ಣೆ ಗಿರಣಿ ರೇವಣಸಿದ್ದಯ್ಯನ ಮಗಳು ಔಷಧಿ ಎಣ್ಣೆಯಲ್ಲಿ ಬೋಂಡ ತಿನ್ನುತ್ತಿದ್ದಾಳೆ ಎಂದು ತಿಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ. ಗಂಗಿಗೆ ನನ್ನ ಪೆಟ್ಟಿಗೆ ಮುಟ್ಟಬೇಡ ಎಂದು ಹೇಳು.

ಹಸಿದಿರುವ ನಿನ್ನ ಮಗಳು,
ನೀಲ


ದಾವಣಗೆರೆ
೨೮-೬-೧೯೭೪

ನೀಲಳಿಗೆ ಅವ್ವನ ಆಶೀರ್ವಾದ.

ನಿನ್ನ ಕಾಗದ ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಎಲ್ಲದಕ್ಕೂ ನಗುವುದು ನಿನಗೆ ರೂಢಿಯಾಗಿಬಿಟ್ಟಿದೆ. ಬಂದ ಗಂಡುಗಳೆಲ್ಲ ಉಪ್ಪಿಟ್ಟು ತಿಂದು, ಕೈ ತೊಳೆದು, "ತಿಳಿಸ್ತೀವಿ" ಅಂದು ಹೋದರು. ಆಗಲೂ ನೀನು ಒಳಗೆ ಕೂತು ಉಳಿದ ಉಪ್ಪಿಟ್ಟು ತಿನ್ನುತ್ತಾ ನಗುತ್ತಿದ್ದೆ. ಮೊನ್ನೆ ಗಿರಣಿಯಲ್ಲಿ ಯಾರೋ, "ರೇವಣಸಿದ್ದಯ್ಯನೋರು ಶೇಂಗಾ ಯಾಕೆ ಕೊಳ್ತಾರೆ, ದೊಡ್ಡ ಮಗಳನ್ನೇ ಗಾಣಕ್ಕೆ ಹಾಕಿದರೆ ವರ್ಷಕ್ಕಾಗೋಷ್ಟು ಎಣ್ಣೆ ಬರ್ತತಿ" ಅಂದರಂತೆ. ನಿನ್ನ ಅಪ್ಪ ಅದನ್ನು ನನಗೆ ಹೇಳಿ ಊಟ ಬಿಟ್ಟು ಎದ್ದರು.

ಹುಡುಗ ಇಂಜಿನಿಯರು. ಸ್ವಂತ ಮನೆ. ಒಂದೇ ಒಂದು ಮಾತು ಕೇಳಿದ್ದಾರೆ, ಇಳಿಸಿ ಅಂತ. ಕುಲ ಕೇಳಲಿಲ್ಲ, ಕೊಡುವುದು ಬಿಡುವುದು ಕೇಳಲಿಲ್ಲ. ಗಂಗಿಗೂ ಹತ್ತೊಂಬತ್ತು ತುಂಬಿತು. ನೀನು ಬಾಗಿಲಿಗೆ ಅಡ್ಡ ನಿಂತರೆ ಅವಳು ಹೇಗೆ ದಾಟಬೇಕು. ಅಕ್ಕ ಏನು ಕೊಡುತ್ತಾಳೋ ಅದನ್ನು ತಿನ್ನು, ಕೊಡದಿದ್ದರೆ ಸುಮ್ಮನಿರು. ಅಕ್ಕನ ಬಾಯಿ ಕೆಟ್ಟದ್ದು, ಮನಸ್ಸು ಒಳ್ಳೆಯದು.

ನಿನ್ನ ಪೆಟ್ಟಿಗೆಯನ್ನು ಗಂಗಿ ಆಗಲೇ ತೆಗೆದಳು. ನಿನ್ನ ರವಿಕೆಯೊಳಗೆ ಅವಳೂ ನಾನೂ ಇಬ್ಬರೂ ಹಿಡಿಸುತ್ತೇವೆ ಎಂದು ತೋರಿಸಿ ಆಡಿದಳು. ಹುಡುಗಾಟಿಕೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಇಂತಿ,
ಕಲ್ಯಾಣಮ್ಮ


ರಾಜಾಜಿನಗರ
೨೨-೮-೧೯೭೪

ಅವ್ವನಿಗೆ ನೀಲಳ ನಮಸ್ಕಾರ.

ಇದನ್ನು ಓದಿ ಹರಿದುಬಿಡು. ಅಪ್ಪಾಜಿ ಕೈಗೆ ಸಿಗಬಾರದು.

ದೊಡ್ಡಪ್ಪ ಹೇಳಿದ್ದು ನಿಜ, ಆ ಎಣ್ಣೆ ಅರಗುವುದಿಲ್ಲ. ಆದರೆ ಅದು ಹೊರಗೆ ಬರುವಾಗ ನನ್ನನ್ನು ಕೇಳಿ ಬರುವುದಿಲ್ಲ. ನಿಂತಾಗ, ಕೂತಾಗ, ಕೆಮ್ಮಿದಾಗ ಜಿನುಗುತ್ತದೆ. ಶ್ರಾವಣ ಸೋಮವಾರ ಬಸವೇಶ್ವರನಗರದಲ್ಲಿ ದೊಡ್ಡಮ್ಮನ ಗೆಳತಿ ನೀಲಾಂಬಿಕೆಯವರು ಅರಿಸಿನ ಕುಂಕುಮಕ್ಕೆ ಕರೆದಿದ್ದರು. ಅವರ ಹೊಸ ಸೋಫಾದ ಮೇಲೆ ಕೂತು ಎದ್ದೆ. ದುಂಡನೆಯ ಕಲೆ. ಅವರ ಮೊಮ್ಮಗಳು ಕೈ ತೋರಿಸಿ, "ಅಜ್ಜೀ, ಈ ಆಂಟಿ ಸೋರ್ತಾ ಇದಾರೆ" ಅಂದಿತು. ಯಾರೂ ನಗಲಿಲ್ಲ ಅವ್ವ. ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆ. ಅಂದಿನಿಂದ ಹಳೆಯ ಸೀರೆಯ ತುಂಡು ಮಡಿಸಿ ಕಟ್ಟಿಕೊಂಡೇ ಹೊರಗೆ ಹೋಗುತ್ತೇನೆ, ತಿಂಗಳಿಡೀ ಮುಟ್ಟಾದವಳಂತೆ.

ಮೈ ಇಳಿಯಿತೇ ಎಂದು ಕೇಳುತ್ತೀಯ. ಮೆಜೆಸ್ಟಿಕ್ಕಿನ ತೂಕದ ಯಂತ್ರ ಹತ್ತಿದೆ. ಬಂದಾಗ ಎಷ್ಟಿತ್ತೋ ಅಷ್ಟೇ. ಚೀಟಿಯ ಹಿಂದೆ 'ನಿಮ್ಮನ್ನು ಎಲ್ಲರೂ ಮೆಚ್ಚುವರು' ಎಂದು ಮುದ್ರಿಸಿತ್ತು. ಎಣ್ಣೆ ಹೋಗುತ್ತದೆ, ಹಸಿವು ಹೋಗುವುದಿಲ್ಲ. ತಿಂದ ಅರ್ಧ ಗಂಟೆಗೆ ಹೊಟ್ಟೆ ಮತ್ತೆ ಕರೆಯುತ್ತದೆ. ಅದಕ್ಕೇ ಎರಡು ರೊಟ್ಟಿ ಹೆಚ್ಚು ತಿನ್ನುತ್ತೇನೆ, ಬೆಲ್ಲದ ಡಬ್ಬಕ್ಕೆ ಕೈ ಹಾಕುತ್ತೇನೆ. ಮೊನ್ನೆ ಲಿಂಗಪೂಜೆಗೆ ಒಡೆದ ತೆಂಗಿನಕಾಯಿಯ ಹೋಳನ್ನು ಕದ್ದು ತಿನ್ನುತ್ತಿದ್ದಾಗ ದೊಡ್ಡಮ್ಮನ ಕೈಗೆ ಸಿಕ್ಕಿಬಿದ್ದೆ. "ದೇವರ ಪಾಲೂ ಬಿಡಲ್ವಾ ನೀನು" ಅಂದರು. ಅಂದಿನಿಂದ ಉಗ್ರಾಣಕ್ಕೆ ಬೀಗ.

ದಸರೆಗೆ ನಾನು ಊರಿಗೆ ಬರಲೇ? ಬರೀ ಎರಡು ದಿನ. ನಿನ್ನ ಕೈಯ ಒಂದು ತುತ್ತು ತಿಂದು ಹಿಂದಿರುಗುತ್ತೇನೆ.

ನಿನ್ನ,
ನೀಲ


ರಾಜಾಜಿನಗರ
೩೦-೧೦-೧೯೭೪

ಕಲ್ಯಾಣಿಗೆ ಅಕ್ಕ ಕಮಲಾಕ್ಷಮ್ಮನ ಆಶೀರ್ವಾದ.

ದಸರೆಗೆ ಅವಳನ್ನು ಕರೆಸಿಕೊಳ್ಳದೆ ಒಳ್ಳೆಯ ಕೆಲಸ ಮಾಡಿದೆ. ಎರಡು ದಿನ ನಿನ್ನ ಕೈಯಡುಗೆ ಸಿಕ್ಕಿದ್ದರೆ ನನ್ನ ಎರಡು ತಿಂಗಳ ಶ್ರಮ ನೀರುಪಾಲಾಗುತ್ತಿತ್ತು.

ಬರೀ ಎಣ್ಣೆಯಿಂದ ಇವಳು ಬಗ್ಗುವವಳಲ್ಲ ಎಂದು ನನಗೆ ಗೊತ್ತಾಯಿತು. ಹಾಲು ನಿಲ್ಲಿಸಿದೆ, ಮೊಸರು ನಿಲ್ಲಿಸಿದೆ, ಬೆಣ್ಣೆ ತುಪ್ಪದ ಮಾತೇ ಇಲ್ಲ. ಪಪಾಯಿ, ಬಾಳೆ, ಮಾವಿನ ಹೆಸರೆತ್ತಬಾರದು. ಬೆಳಿಗ್ಗೆ ಒಂದು ರೊಟ್ಟಿ, ರಾತ್ರಿ ಒಂದು ರೊಟ್ಟಿ. ನಡುವೆ ಆ ಎಣ್ಣೆಯಲ್ಲೇ ಬಾಡಿಸಿದ ಹುರುಳಿಕಾಯಿಯೋ ಬದನೆಕಾಯಿಯೋ. ಹಸಿವು ಅಂದರೆ ಇನ್ನೊಂದು ಚಮಚ ಎಣ್ಣೆ ಕುಡಿಸುತ್ತೇನೆ, ಹೊಟ್ಟೆ ತುಂಬಿದಂತೆ ಅನ್ನಿಸುತ್ತದೆ. ಈಗ ನೋಡು, ತೋಳು ರವಿಕೆಯ ಒಳಗೆ ಹೋಗುತ್ತದೆ, ಕೆಳಗಿನ ಮೂರು ಹುಕ್ಕು ಬೀಳುತ್ತವೆ. ನಮ್ಮ ಮನೆಯವರು ಆಫೀಸಿನಲ್ಲೆಲ್ಲ ತಮ್ಮ ಬುದ್ಧಿವಂತಿಕೆ ಹೇಳಿಕೊಂಡು ತಿರುಗುತ್ತಿದ್ದಾರೆ.

ಹುಡುಗಿ ಮಾತ್ರ ಸೋಮಾರಿಯಾಗುತ್ತಿದ್ದಾಳೆ. ದೀಪ ಹಚ್ಚುವ ಹೊತ್ತಾದರೆ ಕೆಲಸ ತಪ್ಪಿಸಿಕೊಳ್ಳಲು ಹೊಸ ನೆಪ. "ದೊಡ್ಡಮ್ಮ, ಕಾಣ್ತಾ ಇಲ್ಲ" ಅನ್ನುತ್ತಾಳೆ. ಮೊನ್ನೆ ಹಿತ್ತಿಲಲ್ಲಿ ಒಣಗಿದ ಬಟ್ಟೆ ತರುತ್ತಾ ಒಗೆಯುವ ಕಲ್ಲಿಗೆ ಎಡವಿ ಮಂಡಿ ತರಚಿಕೊಂಡಳು. ಹಗಲು ಸೂಜಿಗೆ ದಾರ ಪೋಣಿಸುತ್ತಾಳೆ, ಸಂಜೆ ಕುರುಡಿಯಾಗುತ್ತಾಳೆ, ಇದು ಯಾವ ಸೀಮೆಯ ಕಾಯಿಲೆ. ನಾನು ನಂಬುವುದಿಲ್ಲ.

ಇಂತಿ,
ನಿನ್ನಕ್ಕ


ರಾಜಾಜಿನಗರ
೨೫-೧೧-೧೯೭೪

ಅವ್ವ,

ನಾನು ನೆಪ ಹೇಳುತ್ತಿಲ್ಲ. ದೀಪಾವಳಿಯ ದಿನ ಬೀದಿಯ ತುಂಬ ಹಣತೆ ಹಚ್ಚಿದ್ದರು. ನನಗೆ ಉರಿಯುವ ಕುಡಿಗಳಷ್ಟೇ ಕಂಡವು. ಹಣತೆ ಕಾಣಲಿಲ್ಲ, ಮೆಟ್ಟಿಲು ಕಾಣಲಿಲ್ಲ, ಪಕ್ಕದಲ್ಲೇ ನಿಂತಿದ್ದ ದೊಡ್ಡಮ್ಮನ ಮುಖ ಕಾಣಲಿಲ್ಲ. ಕೈ ಚಾಚಿ ಗೋಡೆ ಮುಟ್ಟುತ್ತಾ ಒಳಗೆ ಬಂದು ಕೂತೆ.

ಕೊನೆಗೆ ದೊಡ್ಡಪ್ಪನೇ ಹೆದರಿ ಇಲ್ಲಿನ ಲೇಡಿ ಡಾಕ್ಟರ ಬಳಿ ಕರೆದುಕೊಂಡು ಹೋದರು. ದೊಡ್ಡಮ್ಮನೂ ಬಂದರು. ಡಾಕ್ಟರು ಕಣ್ಣಿನ ರೆಪ್ಪೆ ಎತ್ತಿ ನೋಡಿ, ಏನು ತಿನ್ನುತ್ತೀಯ ಎಂದು ಕೇಳಿದರು. ಹೇಳಿದೆ. ಪೆನ್ನು ಕೆಳಗಿಟ್ಟು ದೊಡ್ಡಪ್ಪನನ್ನು ನೋಡಿದರು. "ಇದು ಇರುಳುಗುರುಡು. ಕಣ್ಣಿಗೆ ಬೇಕಾದ ಸತ್ವ ಜಿಡ್ಡಲ್ಲಿ ಕರಗುತ್ತೆ. ನಿಮ್ಮ ಎಣ್ಣೆ ಅರಗಲ್ಲ ಸರಿ, ಹೋಗೋವಾಗ ಅದನ್ನೂ ಬಾಚ್ಕೊಂಡು ಹೋಗುತ್ತೆ. ಮೇಲಿಂದ ಹಾಲಿಲ್ಲ, ತುಪ್ಪ ಇಲ್ಲ. ಇವತ್ತೇ ನಿಲ್ಸಿ. ಹಾಲು, ಬೆಣ್ಣೆ, ಸೊಪ್ಪು, ಪಪಾಯಿ ಕೊಡಿ, ನಾನು ಕೊಡೋ ಮಾತ್ರೆ ಕೊಡಿ, ಕಣ್ಣು ವಾಪಸ್ ಬರುತ್ತೆ. ಹಿಂಗೇ ಬಿಟ್ಟು ಗುಡ್ಡೆ ಮೇಲೆ ಬಿಳಿ ಚುಕ್ಕೆ ಬಿತ್ತೋ, ಆಮೇಲೆ ನನ್ನ ಕೈಲೂ ಆಗಲ್ಲ" ಅಂದರು.

ದೊಡ್ಡಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಇಷ್ಟೆಲ್ಲ ತಿಂದ್ರೆ ಮೈ ಮತ್ತೆ ಬರುತ್ತಲ್ಲ ಡಾಕ್ಟ್ರೇ?"

"ಬರುತ್ತೆ. ಬರ್ಲಿ ಬಿಡಿ" ಅಂದರು ಡಾಕ್ಟರು.

ಮನೆಗೆ ಬಂದ ಮೇಲೆ ದೊಡ್ಡಮ್ಮ, "ನಂದಲ್ಲ ಮಗಳು, ಕಲ್ಯಾಣೀದು. ಅವಳು ಹೇಳಿದಂಗೆ ಮಾಡ್ತೀನಿ" ಅನ್ನುತ್ತಿದ್ದಾರೆ. ಮಾತ್ರೆಯ ಚೀಟಿ ಅವರ ಹತ್ತಿರವೇ ಇದೆ. ಈಗ ರವಿಕೆಯಲ್ಲಿ ಮೇಲಿನ ಎರಡು ಹುಕ್ಕು ಮಾತ್ರ ಬಾಕಿ. ಅವ್ವ, ನನಗೆ ತುಂಬಾ ಹೆದರಿಕೆಯಾಗುತ್ತಿದೆ. ನಿಲ್ಲಿಸಿ ಎಂದು ದೊಡ್ಡಮ್ಮನಿಗೆ ಒಂದು ಸಾಲು ಬರೆ. ಕಾಗದ ತಡವಾದರೆ ತಂತಿ ಕೊಡು.

ನೀಲ


ದಾವಣಗೆರೆ
೪-೧೨-೧೯೭೪

ನೀಲಳಿಗೆ ಆಶೀರ್ವಾದ.

ನಿನ್ನ ಕಾಗದ ಬಂದ ದಿನ ನನಗೆ ಊಟ ಸೇರಲಿಲ್ಲ. ಮಠದ ಗದ್ದುಗೆಗೆ ಹೋಗಿ ಹರಕೆ ಕಟ್ಟಿ ಬಂದೆ. ಹೆತ್ತ ಕರುಳು, ನಿನಗೆ ಹೇಳಿದರೆ ತಿಳಿಯುವುದಿಲ್ಲ.

ಆದರೂ ಕೂತು ಯೋಚಿಸಿದೆ. ಡಾಕ್ಟರು ನಾಳೆಯೇ ಕಣ್ಣು ಹೋಗುತ್ತದೆ ಎಂದರೇ? ಬಿಟ್ಟರೆ ಹೋಗುತ್ತದೆ ಎಂದರು. ಎರಡು ಹುಕ್ಕು ಉಳಿದಿದೆ. ಮಾಘದಲ್ಲಿ ಅವರು ಬಂದು ನೋಡುತ್ತಾರೆ, ಒಪ್ಪಿದರೆ ಆ ತಿಂಗಳೇ ಅಕ್ಷತೆ. ಅಲ್ಲಿಯವರೆಗೆ ಹಲ್ಲು ಕಚ್ಚಿಕೊಂಡಿರು. ತಾಳಿ ಬಿದ್ದ ಮಾರನೆಯ ದಿನದಿಂದ ಬೇಕಾದಷ್ಟು ಹಾಲು ಕುಡಿ, ತುಪ್ಪದಲ್ಲಿ ಕೈ ತೊಳಿ, ಕೇಳುವವರು ಯಾರು. ಈಗ ನಿಲ್ಲಿಸಿದರೆ ಮೈ ಬರುತ್ತದೆ, ಮೈ ಬಂದರೆ ಇವರೂ ಹೋಗುತ್ತಾರೆ. ಆಮೇಲೆ ಎರಡು ಒಳ್ಳೆಯ ಕಣ್ಣು ಇಟ್ಟುಕೊಂಡು ನನ್ನ ಮನೆಯಲ್ಲಿ ಕೂತು ಏನು ನೋಡುತ್ತೀಯ? ಗಂಗಿ ಮುದಿಯಾಗುವುದನ್ನೇ?

ನೋಡುವ ಶಾಸ್ತ್ರ ಬೆಳಿಗ್ಗೆಯೇ ಇಟ್ಟುಕೊಳ್ಳಲು ಅಕ್ಕನಿಗೆ ಬರೆದಿದ್ದೇನೆ. ಹಗಲು ನಿನಗೆ ಕಾಣುತ್ತದಲ್ಲ. ರಾತ್ರಿ ಹೊತ್ತು ಹೊಸ ಸೊಸೆಗೆ ನೋಡುವಂಥದ್ದು ಏನೂ ಇರುವುದಿಲ್ಲ.

ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ಅವ್ವ


ರಾಜಾಜಿನಗರ
೨೪-೨-೧೯೭೫

ಅವ್ವನಿಗೆ,

ದೊಡ್ಡಮ್ಮ ಅವರ ರೀತಿಯಲ್ಲಿ ಬರೆದಿರುತ್ತಾರೆ. ನಡೆದದ್ದನ್ನು ನಾನೂ ಬರೆಯುತ್ತೇನೆ.

ನೀನು ಹೇಳಿದಂತೆಯೇ ಮಾಡಿದೆ. ರವಿಕೆ ಸರಿಹೋಯಿತು. ಎಲ್ಲ ಹುಕ್ಕೂ ಬಿದ್ದವು. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಬರುತ್ತೇವೆ ಎಂದಿದ್ದರು. ಹಾಕಿಕೊಂಡು ಕೂತೆ. ಅವರು ಮೊದಲು ಮಹಾಲಕ್ಷ್ಮಿ ಲೇಔಟಿನ ಯಾರದೋ ಗೃಹಪ್ರವೇಶಕ್ಕೆ ಹೋಗಿ, ಅಲ್ಲೇ ಊಟ ಮಾಡಿ, ಮಲಗಿ ಎದ್ದು, ಇಲ್ಲಿಗೆ ಬರುವಾಗ ಸಂಜೆ ಆರೂವರೆ. ನಡುಮನೆಯಲ್ಲಿ ಒಂದೇ ಬಲ್ಬು, ಅದೂ ಮಿಣುಕು. ನನಗೆ ಅದರ ಕೆಳಗೆ ಬೂದಿಬಣ್ಣದ ಆಕಾರಗಳು ಕಂಡವು, ಅಷ್ಟೇ. ದೊಡ್ಡಮ್ಮ ಕಿವಿಯಲ್ಲಿ, "ನಾಲ್ಕು ಹೆಜ್ಜೆ ಇಡು, ಬಗ್ಗು, ನಮಸ್ಕಾರ ಮಾಡು" ಅಂದರು. ಹಾಗೆಯೇ ಮಾಡಿದೆ. ಏಕಾಂತಯ್ಯನವರ ಹೆಂಡತಿ ನನ್ನ ಬೆನ್ನು ಮುಟ್ಟಿ, ರವಿಕೆಯ ಹೊಲಿಗೆ ಸವರಿ ನೋಡಿದರು. "ಅಂತೂ ಸರಿಹೋಯ್ತು" ಅಂದರು. ಅವರ ದನಿಯಲ್ಲಿ ಸಂತೋಷವಿತ್ತು. ಆ ಒಂದು ನಿಮಿಷ ನನಗೂ ಸಂತೋಷವಾಯಿತು ಅವ್ವ, ಸುಳ್ಳು ಹೇಳುವುದಿಲ್ಲ.

ನಾನು ಎದ್ದು ನಿಲ್ಲುವಾಗ ಕೈ ಗಾಳಿಯಲ್ಲಿ ತಡಕಾಡಿರಬೇಕು. ಆಕೆ ಮುಡಿಯಿಂದ ಒಂದು ಹೂ ತೆಗೆದು ಕೆಳಗೆ ಹಾಕಿದರಂತೆ, "ಹೂ ಬಿತ್ತು, ಎತ್ತಿಕೊಡಮ್ಮಾ" ಅಂದರು. ಮಲ್ಲಿಗೆಯೋ ಕನಕಾಂಬರವೋ ನನಗೆ ಗೊತ್ತಿಲ್ಲ. ಕೂತು ನೆಲದ ಮೇಲೆ ಕೈಯಾಡಿಸಿದೆ. ಒಬ್ಬರ ಕಾಲು ಸಿಕ್ಕಿತು. ಇನ್ನೊಬ್ಬರ ಕಾಲು ಸಿಕ್ಕಿತು. ಜಮಖಾನದ ಅಂಚಿನವರೆಗೆ ಹೋದೆ. ಯಾರೂ ಸಾಕು ಅನ್ನಲಿಲ್ಲ. ಹುಡುಗ ಅಲ್ಲೇ ಕೂತಿದ್ದ, ಅವನೂ ಅನ್ನಲಿಲ್ಲ. ಕೊನೆಗೆ ಆಕೆ, "ಹೂ ನನ್ನ ಕಾಲ ಹತ್ರಾನೇ ಇದೆ" ಅಂದು ತಾವೇ ಎತ್ತಿಕೊಂಡರು. ದೊಡ್ಡಮ್ಮನ ಕಡೆ ತಿರುಗಿ, "ದಪ್ಪ ಇದ್ದಾಗ್ಲೇ ಎಷ್ಟೋ ವಾಸಿಯಾಗಿತ್ತಲ್ರೀ" ಅಂದರು.

ಅವರು ಹೋದ ಮೇಲೆ ರವಿಕೆ ಬಿಚ್ಚಿಟ್ಟು ಅಡುಗೆಮನೆಗೆ ಹೋಗಿ ಅವರಿಗೆಂದು ಮಾಡಿದ್ದ ಕೇಸರಿಬಾತನ್ನೆಲ್ಲ ತಿಂದೆ. ದೊಡ್ಡಮ್ಮ ತಡೆಯಲಿಲ್ಲ. ಇನ್ನಾದರೂ ನನ್ನನ್ನು ಮನೆಗೆ ಕರೆಸಿಕೋ.

ನೀಲ


ದಾವಣಗೆರೆ
೨೦-೩-೧೯೭೫

ನೀಲಳಿಗೆ ಆಶೀರ್ವಾದ.

ನೀನು ಈಗಲೇ ಬರಬೇಡ. ಕಾರಣವಿದೆ.

ಏಕಾಂತಯ್ಯನವರು ಮನೆತನ ಒಪ್ಪಿದ್ದೇವೆ, ಚಿಕ್ಕವಳನ್ನು ಕೊಡಿ ಎಂದು ಹೇಳಿಕಳಿಸಿದರು. ಕೈಗೆ ಬಂದದ್ದನ್ನು ಬಿಡುವುದು ಹೇಗೆ. ಗಂಗಿಯನ್ನು ಕೊಡುವುದೆಂದು ಮಾತಾಯಿತು. ಅವರ ಮಗಳ ಬಾಣಂತನವಿರುವುದರಿಂದ ಮದುವೆ ಬರುವ ಮಾಘಕ್ಕೆ. ನೀನು ಇಲ್ಲಿದ್ದರೆ ಬಂದವರೆಲ್ಲ ನಿನ್ನ ಕಣ್ಣನ್ನೇ ಕೆದಕಿ ಕೇಳುತ್ತಾರೆ, ಗಂಗಿಗೂ ಹಾಗೇ ಇರಬಹುದೇ ಎನ್ನುತ್ತಾರೆ. ಮದುವೆ ಮುಗಿಯುವವರೆಗೆ ಅಲ್ಲೇ ಇರು. ಈಗಂತೂ ಹಾಲು ತುಪ್ಪ ತಿನ್ನಲು ಯಾರ ಅಡ್ಡಿಯೂ ಇಲ್ಲ.

ಒಂದು ಮಾತು. ನಿನಗೆ ಹುಡುಗ ಹಿಡಿಸಲಿಲ್ಲ, ಅದಕ್ಕೇ ಅಂದು ಬೇಕೆಂದೇ ಹಾಗೆ ಆಡಿದೆ ಎಂದು ಗಂಗಿಗೆ ಹೇಳಿದ್ದೇನೆ. ಕಣ್ಣಿನ ವಿಷಯ ಅವಳಿಗೆ ಗೊತ್ತಿಲ್ಲ. ನೀನೂ ಅವಳಿಗೆ ಬರೆಯಬೇಡ. ಮದುವೆಯಾಗುವ ಹುಡುಗಿಯ ಮನಸ್ಸಿನಲ್ಲಿ ಅಂಥದ್ದೆಲ್ಲ ತುಂಬಬಾರದು. ನನ್ನ ಮೇಲಾಣೆ.

ಅವ್ವ


ರಾಜಾಜಿನಗರ
೨-೪-೧೯೭೫

ಅವ್ವನಿಗೆ,

ಕಾಗದ ತಲುಪಿತು. ಡಾಕ್ಟರ ಬಳಿ ಹೋಗಿಬಂದೆ. ಎಡಗಣ್ಣು ಸಂಜೆ ಹೊತ್ತಿಗೆ ಸ್ವಲ್ಪ ಸ್ವಲ್ಪ ಕಾಣುತ್ತಿದೆ. ಬಲಗಣ್ಣಿಗೆ ಬಿಳಿ ಚುಕ್ಕೆ ಬಿದ್ದಿದೆ, ಅದು ಹೋಗುವುದಿಲ್ಲವಂತೆ. ಮೈ ಮಾತ್ರ ಬೇಗ ಬೇಗ ಹಿಂದಕ್ಕೆ ಬರುತ್ತಿದೆ, ಮೊದಲಿಗಿಂತ ಒಂದು ಸುತ್ತು ಹೆಚ್ಚೇ ಆಗುವಂತಿದೆ.

ರವಿಕೆ ಗಂಗಿಗೆ ಕಳಿಸಿದ್ದೇನೆ.

ನೀಲ


ದಾವಣಗೆರೆ
೧೮-೪-೧೯೭೫

ಪ್ರೀತಿಯ ಅಕ್ಕನಿಗೆ,

ನಿನ್ನ ಗಂಗಿ ಬರೆಯುತ್ತಿರುವುದು. ನೀನು ನನ್ನ ಮೇಲೆ ಸಿಟ್ಟಾಗಿದ್ದೀಯಾ ಎಂದು ಅವ್ವನನ್ನು ಕೇಳಿದೆ. ಅವಳು, "ಅವಳಿಗೇ ಬೇಡವಾಗಿತ್ತು, ನಿನಗೆ ಬಿಟ್ಟುಕೊಟ್ಟಳು" ಅಂದಳು. ನಿಜವಾ ಅಕ್ಕ? ಇಂಜಿನಿಯರನ್ನು ಬೇಡ ಅನ್ನುವ ಧೈರ್ಯ ನಿನಗೊಬ್ಬಳಿಗೇ. ಯುಗಾದಿಗೆ ದೊಡ್ಡಮ್ಮ ಬಂದಿದ್ದಾಗ, ನೀನು ನೆಲದ ಮೇಲೆ ಹೂ ಹುಡುಕಿದ್ದನ್ನು ಮಾಡಿ ತೋರಿಸಿದರು. ಕಣ್ಣು ಮೇಲೆ ಮಾಡಿಕೊಂಡು, ಅಂಬೆಗಾಲಲ್ಲಿ, ಅಪ್ಪಾಜಿಯ ಕಾಲು ಹಿಡಿದು, "ಇದು ಹೂವಾ?" ಅಂತ. ನಕ್ಕೂ ನಕ್ಕೂ ನನ್ನ ಹೊಟ್ಟೆ ಹುಣ್ಣಾಯಿತು. ಅವ್ವನೂ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ನೀನು ನಾಟಕದ ಕಂಪನಿ ಸೇರಬೇಕಿತ್ತು.

ರವಿಕೆ ನನಗೆ ಸರಿಹೋಯಿತು. ಕಂಕುಳ ಹತ್ತಿರ ಸ್ವಲ್ಪ ಬಿಗಿ. ಮದುವೆಗೆ ಇನ್ನೂ ಹತ್ತು ತಿಂಗಳಿದೆ, ಅಷ್ಟರಲ್ಲಿ ಬಾಯಿ ಚಪಲಕ್ಕೆ ನಿನ್ನ ಹಾಗಾಗಿಬಿಟ್ಟರೆ ಎಂದು ಭಯ. ದೊಡ್ಡಪ್ಪನ ಎಣ್ಣೆಯಲ್ಲಿ ಏನು ತಿಂದರೂ ಮೈಗೆ ಹತ್ತುವುದಿಲ್ಲವಂತಲ್ಲ. ಅವ್ವನನ್ನು ಕೇಳಿದರೆ ಎದ್ದು ಒಳಗೆ ಹೋಗುತ್ತಾಳೆ. ನೀನೇ ಕಳಿಸಿಕೊಡು. ಹೇಗೆ ತಿನ್ನಬೇಕು ಎಂದೂ ಬರೆ. ನನಗೆ ಅವರೇ ಬೇಕು ಅಕ್ಕ. ಫೋಟೋ ದಿಂಬಿನ ಕೆಳಗಿಟ್ಟುಕೊಂಡಿದ್ದೇನೆ.

ನಿನ್ನ ಮುದ್ದಿನ,
ಗಂಗಿ


ರಾಜಾಜಿನಗರ
೨೭-೪-೧೯೭೫

ಪ್ರೀತಿಯ ಗಂಗಿಗೆ,

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಅವ್ವನೂ ನಕ್ಕಳು ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ಬಹಳ ಹೊತ್ತು ಓದಿದೆ. ನಿನ್ನ ಮೇಲೆ ನನಗೆ ಸಿಟ್ಟಿದೆ ಗಂಗಿ. ನಿನ್ನದೇನೂ ತಪ್ಪಿಲ್ಲ ಎಂದು ಗೊತ್ತಿದೆ, ಆದರೂ ಇದೆ.

ದೊಡ್ಡಪ್ಪ ಹೊಸ ಡಬ್ಬ ತಂದುಕೊಟ್ಟರು. ದಾವಣಗೆರೆಗೆ ಹೋಗುತ್ತಿದ್ದ ಪಕ್ಕದ ಮನೆಯವರ ಕೈಯಲ್ಲಿ ಇಂದು ಕಳಿಸಿದ್ದೇನೆ. ಒಗ್ಗರಣೆಗೂ ಅದೇ, ಕರಿಯುವುದಕ್ಕೂ ಅದೇ. ಬೇರೆ ಜಿಡ್ಡು ಮುಟ್ಟಬೇಡ. ಹಾಲು, ಬೆಣ್ಣೆ, ಸೊಪ್ಪು, ಪಪಾಯಿ ಪೂರ್ತಿ ಬಿಡು. ಹಸಿವಾದರೆ ಒಂದು ಚಮಚ ಎಣ್ಣೆಯನ್ನೇ ಕುಡಿ. ಮೊದಮೊದಲು ಹೊಟ್ಟೆ ತೊಳಸುತ್ತದೆ, ಆಮೇಲೆ ರೂಢಿಯಾಗುತ್ತದೆ. ಹಳೆಯ ಸೀರೆಯ ತುಂಡುಗಳನ್ನು ತೆಗೆದಿಟ್ಟುಕೋ, ಬೇಕಾಗುತ್ತವೆ. ಮಾಘದವರೆಗೆ ಒಂದು ದಿನವೂ ತಪ್ಪಿಸಬೇಡ. ಮುಗಿದರೆ ಬರೆ, ಇನ್ನೊಂದು ಡಬ್ಬ ಕಳಿಸುತ್ತೇನೆ.

ಇನ್ನೊಂದು ವಿಷಯ ಬರೆಯಬೇಕೆಂದು ನಿನ್ನೆಯಿಂದ ಕೂತಿದ್ದೇನೆ. ಅವ್ವ ಬರೆಯಬೇಡ ಅಂದಿದ್ದಾಳೆ. ಅವಳ ಮಾತನ್ನು ನಾನು ಯಾವತ್ತು ಮೀರಿದ್ದೇನೆ, ನೀನೇ ಹೇಳು.

ನಿನ್ನ ಅಕ್ಕ,
ನೀಲ